ಕರೆಂಟು ಹೋದರೆ ದೂರು ಕೊಡುವ ಕ್ರಮ: ಮಲೆನಾಡಿನ ಗ್ರಾಹಕರ ಕೈಪಿಡಿ

ಈ ಕೈಪಿಡಿ ಯಾರಿಗೆ

ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಕ ಕೊಡುತ್ತಾರೆ. ಮಿಕ್ಸಿಯನ್ನು ತಿರುಗಿಸುವ ಕರೆಂಟಿಗೆ ಮಾತ್ರ ಇವತ್ತಿನವರೆಗೆ ಯಾರೂ ಪುಸ್ತಕ ಕೊಟ್ಟಿಲ್ಲ. ಆ ಕೊರತೆ ನೀಗಲೆಂದು ಈ ಬರಹ. ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಶೃಂಗೇರಿಯ ಕಡೆ ಅಡಿಕೆ ತೋಟದ ತಲೆಯಲ್ಲಿ ಒಂಟಿಮನೆ ಕಟ್ಟಿಕೊಂಡು, ಲೈನಿನ ಕಟ್ಟಕಡೆಯ ಕಂಬದಿಂದ ಕರೆಂಟು ಪಡೆಯುವ ಗ್ರಾಹಕರನ್ನು ಮನಸ್ಸಿನಲ್ಲಿಟ್ಟು ಇದನ್ನು ಸಿದ್ಧಪಡಿಸಲಾಗಿದೆ. ಐದು ನಿಮಿಷ ಲಿಫ್ಟ್ ನಿಂತರೆ ಮಂತ್ರಿಗಳಿಗೇ ಟ್ವೀಟ್ ಮಾಡುವ ನಗರವಾಸಿಗಳಿಗೆ ಅನ್ವಯಿಸುವುದಿಲ್ಲ.

ಮುಂದೆ ಎಲ್ಲಾದರೂ ‘ಕೆಇಬಿ’ ಎಂದು ಕಂಡರೆ ಮುದ್ರಣದೋಷ ಎಂದುಕೊಳ್ಳಬೇಡಿ. ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ಕರೆಂಟು ಹಂಚುವ ಕೆಲಸ ಬೇರೆ ಬೇರೆ ಕಂಪನಿಗಳ ಪಾಲಾಯಿತು. ಆ ಸುದ್ದಿ ನಮ್ಮ ಲೈನಿಗೆ ಇನ್ನೂ ಬಂದು ಮುಟ್ಟಿಲ್ಲ.

ಬೇಕಾಗುವ ಸಾಮಗ್ರಿ

ಕರೆಂಟು ಬಿಲ್ಲು, ಟಾರ್ಚು, ಕೊಡೆ, ಹಾಳೆಟೊಪ್ಪಿ, ಮೊಬೈಲು, ಮತ್ತು ಮೊಬೈಲಿಗೆ ರೇಂಜು ಸಿಗುವ ಒಂದು ಗುಡ್ಡ. ಇವುಗಳಲ್ಲಿ ಸುಲಭವಾಗಿ ಸಿಗುವುದು ಗುಡ್ಡ; ಸಿಗದೇ ಇರುವುದು ಬಿಲ್ಲು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ರೂಪಾಯಿಯ ಬಿಲ್ಲನ್ನು ಜೋಪಾನ ಮಾಡುವವರು ಕಡಿಮೆ. ಬಚ್ಚಲೊಲೆ ಹಚ್ಚುವುದಕ್ಕೆ ಅದು ಚೆನ್ನಾಗಿದೆ. ಆದರೆ ದೂರು ಕೊಡಲು ಹೋದಾಗ ಮೊದಲು ಕೇಳುವುದೇ ಅದರಲ್ಲಿರುವ ಆರ್‌ಆರ್ ನಂಬರು. ಆದ್ದರಿಂದ ಭರಣಿ ಮಳೆ ಬೀಳುವ ಮೊದಲೇ ಆ ನಂಬರನ್ನು ಮೀಟರ್ ಬೋರ್ಡಿನ ಪಕ್ಕದ ಗೋಡೆಯ ಮೇಲೆ ದಪ್ಪಗೆ ಬರೆದಿಡಿ. ಗೋಡೆಯ ಚಂದ ಕೆಡುತ್ತದೆ ಎಂದು ಮನೆಯಲ್ಲಿ ಆಕ್ಷೇಪ ಬಂದರೆ, ಮಳೆಗಾಲದಲ್ಲಿ ಆ ಗೋಡೆ ಹೇಗೂ ಯಾರಿಗೂ ಕಾಣುವುದಿಲ್ಲ ಎಂದು ಸಮಾಧಾನ ಹೇಳಿ.

ಮೊದಲ ಹಂತ: ಹೋದದ್ದು ಎಷ್ಟು ದೂರ

ಕರೆಂಟು ಹೋದ ಕೂಡಲೇ ಫೋನು ಎತ್ತಬಾರದು. ಮೊದಲು ಮೀಟರ್ ನೋಡಿ. ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ. ಟ್ರಿಪ್ಪರ್ ಬಿದ್ದಿರುತ್ತದೆ, ಅಥವಾ ಗೀಸರಿನಲ್ಲಿ ಏನೋ ಆಗಿರುತ್ತದೆ. ಅದಕ್ಕೆ ಲೈನ್‌ಮನ್ ಬರುವುದಿಲ್ಲ, ವೈರಿಂಗಿನವರು ಬರಬೇಕು. ವೈರಿಂಗಿನವರು ಬರುವ ಬಗೆಗೆ ಬೇರೆಯೇ ಕೈಪಿಡಿ ಬೇಕು, ಅದನ್ನು ಬರೆಯುವ ಧೈರ್ಯ ಈ ಲೇಖಕನಿಗೆ ಇಲ್ಲ.

ಮೀಟರೂ ಸತ್ತಿದ್ದರೆ ಅಂಗಳಕ್ಕೆ ಇಳಿದು ಕಣಿವೆಯಾಚೆ ನೋಡಿ. ಆಚೆಮನೆಯ ದೀಪ ಉರಿಯುತ್ತಿದ್ದು ನಿಮ್ಮದು ಮಾತ್ರ ಆರಿದ್ದರೆ, ಕಂಬದಿಂದ ನಿಮ್ಮ ಮನೆಗೆ ಬರುವ ಸರ್ವಿಸ್ ವಯರು ತುಂಡಾಗಿದೆ ಅಥವಾ ಕಂಬದ ಮೇಲಿನ ಕೂಡಿಕೆ ಸುಟ್ಟಿದೆ. ನಿಮ್ಮ ಕೇರಿಯ ಏಳೆಂಟು ಮನೆ ಕತ್ತಲಾಗಿದ್ದರೆ ಟಿಸಿಯ ಫ್ಯೂಸ್ ಹೋಗಿದೆ. (ಟ್ರಾನ್ಸ್‌ಫಾರ್ಮರಿಗೆ ಊರಿನಲ್ಲಿ ಟಿಸಿ ಎನ್ನುತ್ತಾರೆ. ನಿಮ್ಮ ಟಿಸಿ ಯಾವುದು, ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ನೀವು ಮನೆ ಅಳಿಯ ಇರಬೇಕು.) ಲೈಟು ಉರಿದರೂ ತೋಟದ ಮೋಟಾರು ಗುಂಯ್ ಎಂದು ನಿಂತಲ್ಲೇ ನಿಂತರೆ ಮೂರು ಫೇಸಿನಲ್ಲಿ ಒಂದು ಇಲ್ಲ, ಮೋಟಾರು ಕೂಡಲೇ ಬಂದ್ ಮಾಡಿ, ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ಇಡೀ ಊರು, ಪಕ್ಕದ ಊರು, ಅದರಾಚೆಯ ಬಸ್ ಸ್ಟಾಂಡೂ ಕತ್ತಲಾದರೆ ಹನ್ನೊಂದು ಕೆವಿ ಫೀಡರೇ ಟ್ರಿಪ್ ಆಗಿದೆ. ರಾತ್ರಿ ಪೇಟೆಯ ದಿಕ್ಕಿನ ಆಕಾಶದಲ್ಲಿ ಸಾಮಾನ್ಯವಾಗಿ ಕಾಣುವ ಬೆಳಕಿನ ಮಬ್ಬು ಕೂಡ ಇಲ್ಲವಾದರೆ ಸಬ್‌ಸ್ಟೇಷನ್ನಿಗೆ ಬರುವ ಮೂವತ್ತಮೂರು ಕೆವಿ ಲೈನಿನಲ್ಲೇ ಏನೋ ಆಗಿದೆ. ಆಗ ದೂರು ಕೊಡುವ ತುರ್ತು ಇಲ್ಲ. ತಾಲೂಕಿನ ದೊಡ್ಡ ಮನುಷ್ಯರೆಲ್ಲ ಕತ್ತಲೆಯಲ್ಲಿದ್ದಾರೆ. ಕೆಲಸ ಆಗಲೇ ಶುರುವಾಗಿರುತ್ತದೆ.

ಈ ಪರೀಕ್ಷೆ ಮಾಡದೆ ‘ಕರೆಂಟಿಲ್ಲ’ ಎಂದಷ್ಟೇ ಹೇಳಿದರೆ, ಕೇಳುವವನಿಗೆ ಹುಡುಕಬೇಕಾದದ್ದು ನಿಮ್ಮ ಅಂಗಳದ ಕಂಬವೋ ನಲವತ್ತು ಕಿಲೋಮೀಟರಿನ ಕಾಡುದಾರಿಯೋ ಎಂದೇ ತಿಳಿಯುವುದಿಲ್ಲ.

ಎರಡನೇ ಹಂತ: ಕಾರಣವನ್ನು ನಕ್ಷತ್ರದ ಪ್ರಕಾರ ಗುರುತಿಸುವುದು

ಹವಾಮಾನ ಇಲಾಖೆಯವರ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದು. ಮಲೆನಾಡಿನವರು ಮಳೆಯನ್ನು ಇಂಚಿನಲ್ಲಿ ಅಳೆಯುವವರಾದ್ದರಿಂದ ಎರಡೂವರೆ, ನಾಲ್ಕೂವರೆ, ಎಂಟು ಎಂದು ನೆನಪಿಟ್ಟುಕೊಳ್ಳಿ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ ಏಳು ಸಾವಿರ ಮಿಲಿಮೀಟರ್ ಮೀರುತ್ತದೆ. ಅಲ್ಲಿಯವರಿಗೆ ಹಳದಿ ಅಲರ್ಟು, ಕಿತ್ತಳೆ ಅಲರ್ಟು ಎಂದರೆ ಮಕ್ಕಳ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂಬಷ್ಟೇ ಅರ್ಥ. ಆದರೆ ಕರೆಂಟು ಹೋಗುವುದಕ್ಕೂ ಇಂಚಿಗೂ ನೇರ ಸಂಬಂಧವಿಲ್ಲ. ಎಂಟು ಇಂಚು ಸುರಿದ ದಿನ ಇದ್ದು, ನಾಲ್ಕು ಹನಿ ಬಿದ್ದ ದಿನ ಹೋಗುವುದುಂಟು. ಇದನ್ನು ತಿಳಿಯಲು ನಕ್ಷತ್ರಗಳೇ ಮೇಲು.

ಭರಣಿ, ಕೃತ್ತಿಕೆ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳು. ಮಧ್ಯಾಹ್ನದವರೆಗೆ ಬೆವರು ಕಿತ್ತು ಬರುವ ಸೆಕೆ, ಮೂರು ಗಂಟೆಗೆ ಗುಡ್ಡದ ಹಿಂದೆ ಕರಿಮೋಡ. ಕಾದ ನೆಲದ ಬಿಸಿಗಾಳಿ ಮೇಲೇರಿ ಹತ್ತು ಕಿಲೋಮೀಟರಿಗೂ ಎತ್ತರದ ಮೋಡ ಕಟ್ಟುವ ಕಾಲವಿದು. ಆಷಾಢದ ಜಡಿಮಳೆಯ ಮೋಡಕ್ಕಿಂತ ಈ ಮೋಡದಲ್ಲಿ ಗುಡುಗು ಸಿಡಿಲು ಬಹಳ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರರಿಂದ ಭಾಗಿಸಿ: ಸಿಡಿಲು ಅಷ್ಟು ಕಿಲೋಮೀಟರ್ ದೂರ. ಹತ್ತಿರ ಬರುತ್ತಿದ್ದರೆ ಟಿವಿ, ಮೋಡೆಮ್ಮುಗಳ ಪಿನ್ನು ಕೀಳಿ. ಸಿಡಿಲು ಲೈನಿಗೆ ಹೊಡೆದರೆ ಕಂಬದ ತುದಿಯ ಪಿಂಗಾಣಿ ಇನ್ಸುಲೇಟರ್ ಸೀಳುತ್ತದೆ, ಇಲ್ಲವೇ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒಡೆದದ್ದಾದರೆ ಕಣ್ಣಿಗೆ ಕಾಣುತ್ತದೆ. ಬಿರುಕಿನದೇ ಉಪದ್ರ. ಬಿಸಿಲಿದ್ದಾಗ ಏನೂ ಇಲ್ಲ, ಒದ್ದೆಯಾದಾಗ ಮಾತ್ರ ಕರೆಂಟು ಸೋರಿ ಲೈನು ಟ್ರಿಪ್ ಆಗುತ್ತದೆ. ಲೈನ್‌ಮನ್ ಹುಡುಕಿಕೊಂಡು ಬರುವ ಹೊತ್ತಿಗೆ ಬಿಸಿಲು ಬಂದಿರುತ್ತದೆ, ಇನ್ಸುಲೇಟರು ಸುಭಗನಾಗಿ ಕೂತಿರುತ್ತದೆ.

ಇದೇ ಕಾಲಕ್ಕೆ ಸೇರಿದ್ದು ‘ಮೋಡ ಕಂಡರೆ ಸಾಕು, ಕರೆಂಟು ತೆಗೀತಾರೆ’ ಎಂಬ ಊರೊಟ್ಟಿನ ಆಪಾದನೆ. ಇದರಲ್ಲಿ ಅರ್ಧ ನಿಜ. ಗಾಳಿ ಎದ್ದಾಗ ತಂತಿ ಕಡಿದು ಯಾರ ಮೇಲಾದರೂ ಬಿದ್ದೀತೆಂದು ಬೇಕೆಂದೇ ಬಂದ್ ಮಾಡುವುದುಂಟು. ಉಳಿದರ್ಧ ಧೂಳಿನದು. ಬೇಸಿಗೆಯಿಡೀ ಇನ್ಸುಲೇಟರಿನ ಮೇಲೆ ಕೂತ ಧೂಳು ಒಣಗಿದ್ದಾಗ ನಿರುಪದ್ರವಿ. ಮೊದಲ ಹನಿ ಬಿದ್ದು ಅದು ಕೆಸರಾದರೆ ಕರೆಂಟಿಗೆ ದಾರಿ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ, ಆದ್ದರಿಂದ ತುಂತುರೇ ಜೋರುಮಳೆಗಿಂತ ಕೇಡು. ‘ನಾಲ್ಕು ಹನಿಗೆಲ್ಲ ಹೋಗ್ತದಲ್ಲ ಮಾರಾಯ್ರೆ’ ಎಂದು ಬೈಯುವವರು, ಅದು ಹೋದದ್ದು ನಾಲ್ಕೇ ಹನಿ ಬಿದ್ದದ್ದರಿಂದ ಎಂದು ತಿದ್ದಿಕೊಳ್ಳಬೇಕು.

ಮೃಗಶಿರಾ, ಆರಿದ್ರಾ. ಜೂನ್. ಗಾಳಿ ಪಡುವಣದಿಂದ. ತೆಂಗಿನ ಹೆಡೆ, ಅಡಿಕೆ ಸೋಗೆ, ಒಣಗಿದ ಕೊಂಬೆ ಇತ್ಯಾದಿ. ವಿಶೇಷವಿಲ್ಲ.

ಪುನರ್ವಸು, ಪುಷ್ಯ, ಆಶ್ಲೇಷ. ಜುಲೈಯಿಂದ ಆಗಸ್ಟ್ ನಡುವಿನವರೆಗೆ. ಕೈಪಿಡಿಯ ಜೀವಾಳ ಇಲ್ಲಿದೆ. ತಿಂಗಳುಗಟ್ಟಲೆ ನೀರು ಕುಡಿದ ನೆಲ ಮೆತ್ತಗಾಗಿ, ಬೇರಿಗೆ ಹಿಡಿತ ತಪ್ಪಿ, ಗಾಳಿಯ ಹಂಗಿಲ್ಲದೆಯೇ ಮರಗಳು ಮಲಗುತ್ತವೆ. ಮುಂಚೂಣಿಯಲ್ಲಿರುವುದು ಅಕೇಶಿಯಾ. ಬೋಳುಗುಡ್ಡಗಳನ್ನು ಬೇಗ ಹಸಿರು ಮಾಡಬೇಕೆಂದು ಇಲಾಖೆಯವರು ಆಸ್ಟ್ರೇಲಿಯಾ ಕಡೆಯ ಈ ಮರವನ್ನು ಸಾಲುಸಾಲಾಗಿ ನೆಟ್ಟರು. ಅದೂ ಮಾತು ಉಳಿಸಿಕೊಂಡು ಬೇಗ ಬೆಳೆಯಿತು, ಬೇಗ ಬೀಳಲೂ ಕಲಿಯಿತು. ನೆಡುವಾಗ ಒಂದು ಇಲಾಖೆ, ತಂತಿ ಎಳೆಯುವಾಗ ಇನ್ನೊಂದು. ಎರಡೂ ಭೇಟಿಯಾಗುವುದು ಪುಷ್ಯ ಮಳೆಯಲ್ಲಿ, ರಸ್ತೆಗೆ ಅಡ್ಡಲಾಗಿ. ಬದುಕಿರುವ ಮರದ ಕೊಂಬೆ ಕಡಿಯಲು ಅರಣ್ಯದವರ ಒಪ್ಪಿಗೆ ಬೇಕು ಎಂಬ ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುತ್ತಿರುವಾಗಲೇ ಮರ ತಾನೇ ತೀರ್ಮಾನ ತೆಗೆದುಕೊಂಡಿರುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಗುಡ್ಡವೇ ಜಾರಿ ಬಂದಾಗ ಕಂಬ ಯಾವುದು, ಮರ ಯಾವುದು ಎಂದು ಬೇರ್ಪಡಿಸಿ ವರದಿ ಮಾಡುವ ಪ್ರಶ್ನೆಯೇ ಉಳಿದಿರಲಿಲ್ಲ.

ಈ ದಿನಗಳಲ್ಲಿ ಪತ್ರಿಕೆ ಬಂದರೆ, ಚಿಮಣಿ ಬೆಳಕಿನಲ್ಲಿ ಮೊದಲು ನೋಡುವುದು ಲಿಂಗನಮಕ್ಕಿಯ ನೀರಿನ ಮಟ್ಟ. 1,819 ಅಡಿಗೆ ಇನ್ನೆಷ್ಟು ಬಾಕಿ? ಶರಾವತಿಯ ದೊಡ್ಡ ಪವರ್‌ಹೌಸಿನ ಹತ್ತು ಯಂತ್ರಗಳು ಸೇರಿ 1,035 ಮೆಗಾವ್ಯಾಟ್ ಕೊಡಬಲ್ಲವು. ವಾರಾಹಿಯದು ಇನ್ನೊಂದು 460. ಯಾವ ಮಳೆ ಆ ಯಂತ್ರಗಳಿಗೆ ವರ್ಷದ ಮೇವು ಒದಗಿಸುತ್ತದೋ ಅದೇ ಮಳೆ ಅವುಗಳ ಪಕ್ಕದೂರಿನ ದೀಪ ಆರಿಸುತ್ತದೆ. ನಮ್ಮ ಗುಡ್ಡದ ಮೇಲೆಯೇ ದೊಡ್ಡ ಟವರುಗಳ ಸಾಲು ಹಾದು ಹೋಗಿದೆ, ಅದರಲ್ಲಿ ಕರೆಂಟು ಬೆಂಗಳೂರಿನ ಕಡೆಗೆ ಸದ್ದಿಲ್ಲದೆ ಹೋಗುತ್ತಿರುತ್ತದೆ. ಅದಕ್ಕೆ ಏಣಿ ಹಾಕುವ ಯೋಚನೆ ಬೇಡ. ಈ ಅಂಶವನ್ನು ದೂರಿನಲ್ಲಿ ಸೇರಿಸಿಯೂ ಪ್ರಯೋಜನವಿಲ್ಲ, ಅದಕ್ಕೆಂದು ಅವರ ಪಟ್ಟಿಯಲ್ಲಿ ಕಾಲಂ ಇಲ್ಲ.

ಚಿತ್ತಾ, ಸ್ವಾತಿ. ಹಿಂಗಾರಿನ ಗುಡುಗು. ಮೇ ತಿಂಗಳ ಪುಟವನ್ನೇ ಮತ್ತೆ ಓದಿಕೊಳ್ಳಿ.

ಮಳೆಯಿಲ್ಲ, ಗಾಳಿಯಿಲ್ಲ, ಆಕಾಶ ತೊಳೆದಿಟ್ಟಂತಿದೆ, ಆದರೂ ಹೋಯಿತು ಎಂದಾದರೆ ಪ್ರಾಣಿಗಳನ್ನು ಅನುಮಾನಿಸಿ. ತಂತಿಗಳಲ್ಲಿ ಒಂದು ಜಾತಿಗೆ ಕಾರ್ಖಾನೆಯವರು ರ್‍ಯಾಬಿಟ್ ಎಂದೇ ಹೆಸರಿಟ್ಟಿದ್ದಾರೆ, ಇನ್ನೊಂದಕ್ಕೆ ವೀಸೆಲ್. ನಮ್ಮಲ್ಲಿ ಅದರ ಮೇಲೆ ಹತ್ತುವವು ಮಂಗ, ಅಳಿಲು, ಬಾವಲಿ, ಕೇರೆಹಾವು. ಟಿಸಿಯ ಬುಡದಲ್ಲಿ ಸತ್ತುಬಿದ್ದದ್ದು ಏನಾದರೂ ಇದೆಯೇ ಎಂದು ದೂರದಿಂದಲೇ ನೋಡಿ ಹೇಳಿದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಮೂರನೇ ಹಂತ: ಬಂತು, ಹೋಯ್ತು

ಕರೆಂಟು ಹೋಗಿ ಹತ್ತು ನಿಮಿಷಕ್ಕೆ ಒಮ್ಮೆ ಬಂದು, ಮನೆಯವರು ‘ಬಂ–’ ಎನ್ನುವಷ್ಟರಲ್ಲಿ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಇದನ್ನು ನೋಡಿ ಯಾರೋ ಸ್ವಿಚ್ಚಿನ ಜೊತೆ ಆಟವಾಡುತ್ತಿದ್ದಾರೆ ಎಂದು ತಿಳಿಯಬೇಡಿ. ಸಬ್‌ಸ್ಟೇಷನ್ನಿನ ಆಪರೇಟರಿಗೆ ಲೈನು ಕಾಣುವುದಿಲ್ಲ. ಅವನ ಮುಂದಿರುವುದು ಫೀಡರ್ ಟ್ರಿಪ್ ಆಯಿತು ಎನ್ನುವ ಪ್ಯಾನಲ್ಲು ಮಾತ್ರ. ಟೊಂಗೆ ತಾಗಿ ಜಾರಿಹೋಗಿದ್ದರೆ ಮತ್ತೆ ಹಾಕಿದಾಗ ನಿಲ್ಲುತ್ತದೆ, ಹಾಗಾಗಿ ಹಾಕಿ ನೋಡುತ್ತಾನೆ. ನಿಲ್ಲದಿದ್ದರೆ ಲೈನ್ ನೋಡಲು ಜನ ಕಳಿಸುತ್ತಾನೆ. ಎರಡು ಸಲ ಬಂದು ಎರಡು ಸಲವೂ ಹೋಯಿತೆಂದರೆ ಎಲ್ಲೋ ತಂತಿಗೂ ನೆಲಕ್ಕೂ ಸಂಬಂಧ ಕುದುರಿದೆ ಎಂದೇ ಲೆಕ್ಕ. ಲಾಟೀನಿನ ಗಾಜು ಒರೆಸಲು ತೊಡಗಿ.

ಇಲ್ಲಿ ತಮಾಷೆ ಸ್ವಲ್ಪ ಬದಿಗಿಡಬೇಕು. ತಂತಿ ಕಡಿದು ನಿಮ್ಮ ತೋಟದ ದಾರಿಯಲ್ಲಿ ಬಿದ್ದಿದೆ ಎಂದಿಟ್ಟುಕೊಳ್ಳಿ. ಕರೆಂಟು ಹೋಗಿದೆಯಲ್ಲ ಎಂದು ನೀವು ಅದನ್ನು ಕೋಲಿನಿಂದ ಸರಿಸಲು ಹೋಗುವ ಹೊತ್ತಿಗೆ ಆಪರೇಟರು ಹಾಕಿ ನೋಡಿದರೆ? ಅದಕ್ಕಿಂತಲೂ ಕೆಟ್ಟದ್ದೊಂದಿದೆ. ಒಣ ಜಂಬಿಟ್ಟಿಗೆ ಕಲ್ಲಿನ ಮೇಲೋ ತರಗೆಲೆಯ ಮೇಲೋ ಬಿದ್ದ ತಂತಿಯಿಂದ ನೆಲಕ್ಕೆ ಹರಿಯುವ ಕರೆಂಟು ಬಹಳ ಕಡಿಮೆಯಾಗಿ, ಸಬ್‌ಸ್ಟೇಷನ್ನಿನಲ್ಲಿ ಟ್ರಿಪ್ಪೇ ಆಗದೆ ಇರಬಹುದು. ಊರಲ್ಲೆಲ್ಲ ದೀಪ ಉರಿಯುತ್ತಿರುತ್ತದೆ, ತಂತಿ ಜೀವಂತ ಬಿದ್ದಿರುತ್ತದೆ. ಒದ್ದೆ ಕೋಲು, ರಬ್ಬರು ಚಪ್ಪಲಿ ಯಾವುದೂ ಹನ್ನೊಂದು ಸಾವಿರ ವೋಲ್ಟಿಗೆ ಲೆಕ್ಕವಲ್ಲ. ದನಗಳನ್ನು ಆ ಕಡೆ ಬಿಡಬೇಡಿ. ಆಗಲೇ ತೀರಾ ಹತ್ತಿರ ಹೋಗಿಬಿಟ್ಟಿದ್ದರೆ ದೊಡ್ಡ ಹೆಜ್ಜೆ ಇಟ್ಟು ಓಡಬೇಡಿ, ಎರಡೂ ಪಾದ ಜೋಡಿಸಿಕೊಂಡು ನೆಲಕ್ಕೆ ತಾಗಿಸಿಯೇ ಸ್ವಲ್ಪಸ್ವಲ್ಪ ಸರಿಯುತ್ತ ಹಿಂದೆ ಬನ್ನಿ. ಬೇರೆ ಯಾವ ದೂರನ್ನು ನಾಳೆಗೆ ಮುಂದೂಡಿದರೂ ಇದನ್ನು ಮುಂದೂಡುವ ಹಾಗಿಲ್ಲ.

ನಾಲ್ಕನೇ ಹಂತ: ಫೋನು

ನಂಬರು 1912. ದೇಶದಾದ್ಯಂತ ಕರೆಂಟಿನ ದೂರಿಗೆ ಅದೇ. ಕಷ್ಟ ನಂಬರಿನದಲ್ಲ, ರೇಂಜಿನದು. ಮೊಬೈಲ್ ಟವರೂ ನಮ್ಮ ಫೀಡರಿನದೇ ಗಿರಾಕಿ. ಕರೆಂಟು ಹೋದ ಮೇಲೆ ಅದರ ಬ್ಯಾಟರಿ ಕೆಲವು ಗಂಟೆ ಉಸಿರು ಹಿಡಿಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವವರು ಬಂದರೆ ಬಂದರು. ಅಂದರೆ ಕರೆಂಟಿಲ್ಲ ಎಂದು ಹೇಳಲಿಕ್ಕೆ ಕರೆಂಟು ಬೇಕು. ಹಿಂದೆ ಮನೆಯಲ್ಲಿದ್ದ ಕಪ್ಪು ಲ್ಯಾಂಡ್‌ಲೈನಿಗೆ ಈ ರಗಳೆ ಇರಲಿಲ್ಲ. ಅದಕ್ಕೆ ಬೇಕಾದ ಕರೆಂಟು ಎಕ್ಸ್‌ಚೇಂಜಿನಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಈಗ ಅದರ ಜಾಗದಲ್ಲಿ ಫೈಬರ್ ಬಂದಿದೆ, ಮೋಡೆಮ್ಮು ಬಂದಿದೆ, ಸಿನಿಮಾ ಬಂದಿದೆ. ಕತ್ತಲಾದ ಕೂಡಲೇ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಇದಕ್ಕೆ ಪರಿಹಾರವನ್ನು ಕಂಡುಹಿಡಿದವರು ಬೆಂಗಳೂರಿನಲ್ಲಿರುವ ಮಕ್ಕಳು. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಎಂದು ಅಂಗಳಕ್ಕೆ ಸಿಸಿಟಿವಿ ಹಾಕಿಸಿರುತ್ತಾರೆ. ಊರಲ್ಲಿ ಕರೆಂಟು ಹೋದರೆ ಕ್ಯಾಮೆರಾ ಸತ್ತು ಆಫೀಸಿನಲ್ಲಿ ಕೂತ ಮಗನ ಫೋನಿಗೆ ಸುದ್ದಿ ಹೋಗುತ್ತದೆ. ಅವನು ಬೆಂಗಳೂರಿನಿಂದ 1912ಕ್ಕೆ ಮಾಡಿ, ಗೋಡೆಯ ಮೇಲಿನ ಆರ್‌ಆರ್ ನಂಬರಿನ ಫೋಟೋ ನೋಡಿ ಹೇಳಿ, ದೂರು ದಾಖಲಿಸುತ್ತಾನೆ. ಹೀಗಾಗಿ ನಮ್ಮ ಊರಿನ ಎಷ್ಟೋ ಕತ್ತಲೆಗಳನ್ನು ಮೊದಲು ಕಂಡವರು ಮಾರತ್ತಹಳ್ಳಿಯಲ್ಲಿದ್ದಾರೆ. ಅಮೆರಿಕದಲ್ಲಿರುವ ಮಗಳಾದರೆ ಇನ್ನೂ ಅನುಕೂಲ. ನಮ್ಮ ನಡುರಾತ್ರಿ ಅವಳಿಗೆ ಹಗಲು.

ನೀವೇ ಮಾಡುವುದಾದರೆ ಗುಡ್ಡ ಹತ್ತಿ. ಮಾತುಕತೆ ಸಾಧಾರಣ ಹೀಗಿರುತ್ತದೆ:

“ಹತ್ತಿರದ ಲ್ಯಾಂಡ್‌ಮಾರ್ಕ್ ಹೇಳಿ ಸರ್.”

“ದೊಡ್ಡ ಹಲಸಿನ ಮರ.”

“ಹಲಸಿನ ಮರದಿಂದ ಎಷ್ಟು ದೂರ ಸರ್?”

“ದೂರ ಎಂತದು ತಂಗಿ, ಅದೇ ಈಗ ಲೈನಿನ ಮೇಲೆ ಮಲಗಿರೋದು.”

ಆ ಹುಡುಗಿ ಕೂತಿರುವುದು ದೂರದ ನಗರದಲ್ಲಿ. ಅವಳಿಗೆ ನಿಮ್ಮ ಹಲಸಿನ ಮರದ ಪರಿಚಯ ಇಲ್ಲ, ಸಿಟ್ಟು ಮಾಡಬೇಡಿ. ಅವಳಿಗೆ ಬೇಕಾದದ್ದು ಕಂಬದ ನಂಬರು. ಕಂಬಕ್ಕೆ ನಂಬರು ಬರೆದಿರುವುದು ನಿಜ. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಬೆಳೆದಿರುವುದೂ ನಿಜ. ಬೇಸಿಗೆಯಲ್ಲಿ ತೋಟಕ್ಕೆ ಹೋಗಿಬರುವಾಗ ನಿಮ್ಮ ಮನೆಯಿಂದ ಟಿಸಿಯವರೆಗಿನ ಕಂಬಗಳ ನಂಬರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಿ. ಮಾತು ಮುಗಿದ ಮೇಲೆ ದೂರಿನ ಸಂಖ್ಯೆ ಕೊಡುತ್ತಾರೆ, ಅದನ್ನು ಕೈಮೇಲಾದರೂ ಗೀಚಿಕೊಳ್ಳಿ. ಎಸ್ಸೆಮ್ಮೆಸ್ಸನ್ನು ನಂಬಿ ಕೂತರೆ ಗುಡ್ಡ ಇಳಿದ ಮೇಲೆ ಅದು ಬರುವುದು ಟವರು ಎದ್ದಾಗ. ‘ದೂರು ದಾಖಲಾಗಿದೆ’, ‘ದೂರು ಪರಿಹಾರವಾಗಿದೆ’ ಎರಡೂ ಒಟ್ಟಿಗೆ ಟಿಂಗ್ ಟಿಂಗ್ ಎನ್ನುತ್ತವೆ.

ಐದನೇ ಹಂತ: ಊರಿನ ವಾಟ್ಸಾಪ್ ಗ್ರೂಪು

ಶಾಖೆಯ ಲೈನ್‌ಮನ್ನನ್ನೂ ಸೇರಿಸಿಕೊಂಡ ಇಂಥ ಗುಂಪು ಈಗ ಬಹಳ ಊರುಗಳಲ್ಲಿದೆ. ಹಬ್ಬದ ಶುಭಾಶಯ, ಅಡಿಕೆ ಧಾರಣೆ, ಕಳೆದುಹೋದ ಕರುವಿನ ನಡುವೆ ದೂರನ್ನೂ ಹಾಕುವ ಸೌಲಭ್ಯವಿದೆ. ಬರೆಯುವ ರೀತಿಗೆ ಎರಡು ಮಾದರಿ.

ಒಂದನೆಯದು: “ನಿನ್ನೆಯಿಂದ ಕರೆಂಟಿಲ್ಲ. ಯಾರಿಗೂ ಹೇಳೋರು ಕೇಳೋರು ಇಲ್ಲ. ಓಟು ಕೇಳೋಕೆ ಬರ್ಲಿ ನೋಡ್ಕಳ್ತೇವೆ.”

ಎರಡನೆಯದು: “ಶಾಲೆ ಹತ್ತಿರದ ಟಿಸಿಯಿಂದ ಹೊಳೆ ಕಡೆಗೆ ಮೂರನೇ ಕಂಬ ವಾಲಿದೆ, ತುಂಡಾಗಿಲ್ಲ. ನಡುವಿನ ತಂತಿ ನೆಲದಲ್ಲಿದೆ. ಮೇಲೆ ಅಕೇಶಿಯಾ ಬಿದ್ದಿದೆ, ದೊಡ್ಡ ಗರಗಸ ಬೇಕು. ಸೇತುವೆವರೆಗೆ ಜೀಪು ಬರುತ್ತದೆ. ನಾವು ನಾಲ್ಕು ಜನ ಇದ್ದೇವೆ.”

ಮೊದಲನೆಯದಕ್ಕೆ ಇಪ್ಪತ್ತು ಹೆಬ್ಬೆರಳು ಬೀಳುತ್ತವೆ. ಎರಡನೆಯದಕ್ಕೆ ಒಂದೂ ಬೀಳುವುದಿಲ್ಲ, ಆದರೆ ಕರೆಂಟು ಬರುವುದು ಅದರಿಂದ. ಯಾಕೆಂದರೆ ಲೈನ್‌ಮನ್‌ಗೆ ಗೊತ್ತಾಗಬೇಕಾದದ್ದು ನಿಮ್ಮ ಸಂಕಟದ ಅಳತೆಯಲ್ಲ. ಏಣಿ ಒಯ್ಯಬೇಕೋ, ಇನ್ಸುಲೇಟರ್ ಒಯ್ಯಬೇಕೋ, ಹೊಸ ಕಂಬಕ್ಕೇ ಹೇಳಬೇಕೋ ಎನ್ನುವುದು. ಒಂದು ಸಾಮಾನು ಮರೆತರೆ ಹೋಗಿ ಬರುವುದಕ್ಕೆ ಇನ್ನರ್ಧ ದಿನ. ಧ್ವನಿ ಸಂದೇಶ ಕಳಿಸುವವರು ಮಳೆಯ ಸದ್ದು ಕಡಿಮೆ ಇರುವಲ್ಲಿ ನಿಂತು ಮಾತಾಡಬೇಕೆಂದು ಕೋರಿಕೆ.

ಆರನೇ ಹಂತ: ಕಾಯುವುದು

ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗಡುವು ಹಾಕಿದೆ. ಫ್ಯೂಸ್ ಹೋದದ್ದಾದರೆ ಪಟ್ಟಣಕ್ಕೆ 6 ಗಂಟೆ, ಹಳ್ಳಿಗೆ 24. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಪಟ್ಟಣಕ್ಕೆ 24 ಗಂಟೆ, ಹಳ್ಳಿಗೆ 72. ಗಡುವು ಮೀರಿದರೆ ಪರಿಹಾರ ಕೇಳುವ ಹಕ್ಕು 2003ರ ವಿದ್ಯುತ್ ಕಾಯ್ದೆಯ 57ನೇ ಕಲಮಿನಲ್ಲಿದೆ. ಕೇಳಬೇಕಾದರೆ ದೂರು ಕೊಟ್ಟ ಹೊತ್ತಿಗೆ ಸಾಕ್ಷಿ ಬೇಕು, ದೂರಿನ ಸಂಖ್ಯೆ ಜೋಪಾನ ಮಾಡಿ ಎಂದದ್ದು ಅದಕ್ಕೇ. ಹಳ್ಳಿಯ ಕತ್ತಲೆಗೆ ಪಟ್ಟಣದ ಕತ್ತಲೆಗಿಂತ ನಾಲ್ಕು ಪಟ್ಟು, ಮೂರು ಪಟ್ಟು ತಾಳಿಕೆ ಇದೆಯೆಂದು ಲೆಕ್ಕ ಹಾಕಿದವರು ಯಾವ ಮಾಪಕ ಬಳಸಿದರೋ.

ಈ ಅವಧಿಯಲ್ಲಿ ಲೈನ್‌ಮನ್ ಎಲ್ಲಿದ್ದಾನೆ ಎಂದು ತಿಳಿದಿರುವುದು ಮನಸ್ಸಿನ ಆರೋಗ್ಯಕ್ಕೆ ಒಳ್ಳೆಯದು. ಇಲಾಖೆಯ ದಾಖಲೆಯಲ್ಲಿ ಅವನಿಗೆ ಪವರ್‌ಮ್ಯಾನ್ ಎಂದು ಹೆಸರು. ಬಹಳ ಸಲ ಅವನು ವಿಜಯಪುರದವನೋ ರಾಯಚೂರಿನವನೋ ಆಗಿರುತ್ತಾನೆ, ಕೆಲಸ ಸಿಕ್ಕಿ ಮಲೆನಾಡಿಗೆ ಬಂದವನು. ಹುಟ್ಟಿದೂರಿನಲ್ಲಿ ಮಳೆಗಾಗಿ ಕಾದವನು ಇಲ್ಲಿ ಮಳೆ ನಿಲ್ಲಲಿ ಎಂದು ಕಾಯುತ್ತಾನೆ. ಮೊದಲ ವರ್ಷ ಇಂಬಳ ಕಂಡು ಬೆಚ್ಚುತ್ತಾನೆ, ಎರಡನೇ ವರ್ಷ ಸುಣ್ಣದ ಡಬ್ಬಿ ಇಟ್ಟುಕೊಳ್ಳುತ್ತಾನೆ, ಮೂರನೇ ವರ್ಷ ಯಾವ ತೋಟದ ಯಾವ ಮರ ಈ ಸಲ ಬೀಳುತ್ತದೆ ಎಂದು ನಮಗಿಂತ ಮೊದಲು ಹೇಳುತ್ತಾನೆ. ಆಮೇಲೆ ವರ್ಗ.

ಅವನು ಬಂದ ಕೂಡಲೇ ಕಂಬ ಹತ್ತುವುದಿಲ್ಲ. ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ‘ಲೈನ್ ಕ್ಲಿಯರ್’ ತೆಗೆದುಕೊಳ್ಳಬೇಕು. ಅಲ್ಲಿ ಅವನ ಹೆಸರು, ಹೊತ್ತು ಬರೆದುಕೊಂಡು ಲೈನು ಬಂದ್ ಮಾಡುತ್ತಾರೆ. ಇಲ್ಲಿ ಸ್ವಿಚ್ಚು ತೆಗೆದು, ತಂತಿಗೆ ಅರ್ತ್ ಕೊಟ್ಟು, ಆಮೇಲೆ ಹತ್ತುವುದು. ಕೆಲಸ ಮುಗಿದ ಮೇಲೆ ಕ್ಲಿಯರ್ ತೆಗೆದುಕೊಂಡವನೇ ಅದನ್ನು ಹಿಂದಿರುಗಿಸಬೇಕು. ಒಂದೇ ಫೀಡರಿನಲ್ಲಿ ಮೂರು ಕಡೆ ಮೂರು ಗ್ಯಾಂಗು ಕೆಲಸ ಮಾಡುತ್ತಿದ್ದರೆ, ಮೂವರೂ ಕೆಳಗಿಳಿದು ಹೇಳುವವರೆಗೆ ಕರೆಂಟು ಹಾಕುವ ಹಾಗಿಲ್ಲ. ‘ನಮ್ಮ ಮರ ಕಡಿದು ಎರಡು ಗಂಟೆ ಆಯ್ತು, ಇನ್ನೂ ಯಾಕೆ ಬಿಟ್ಟಿಲ್ಲ’ ಎಂಬುದಕ್ಕೆ ಇದೇ ಉತ್ತರ. ಬೇರೆ ಯಾವುದೋ ಊರಿನಲ್ಲಿ ಒಬ್ಬ ಇನ್ನೂ ಕಂಬದ ಮೇಲಿದ್ದಾನೆ, ಮತ್ತು ಅವನಿಗೂ ರೇಂಜಿಲ್ಲ.

ಕಾಯುವಾಗ ಮಾಡಬಹುದಾದ ಕೆಲಸ: ಕಾಫಿ. ಕಂಬ ಹೊರಬೇಕಾದರೆ ಹೆಗಲು. ಜೀಪು ಹೋಗದ ಕಡೆ ಕಂಬ ಹೋಗುವುದು ಊರವರ ಹೆಗಲ ಮೇಲೆಯೇ, ಇದು ಯಾವ ನಿಯಮಾವಳಿಯಲ್ಲೂ ಬರೆದಿಲ್ಲ. ಶಾಖಾಧಿಕಾರಿಗೆ, ಪಂಚಾಯಿತಿ ಮೆಂಬರಿಗೆ, ಶಾಸಕರ ಪಿಎಗೆ ಬೇರೆ ಬೇರೆಯಾಗಿ ಫೋನು ಮಾಡಿಸುವ ಪದ್ಧತಿಯೂ ಇದೆ. ಅವರೆಲ್ಲರೂ ಕೊನೆಗೆ ಫೋನು ಮಾಡುವುದು ಅದೇ ಲೈನ್‌ಮನ್ನಿಗೆ. ಕಂಬದ ಮೇಲೆ ಒಂದು ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿದ್ದರೆ ಕೆಲಸ ಬೇಗ ಆಗುತ್ತದೆ ಎಂದು ನಂಬುವವರು ಮುಂದುವರಿಸಬಹುದು.

ಏಳನೇ ಹಂತ: ಬಂದ ಮೇಲೆ

ಕರೆಂಟು ಬಂದ ಕೂಡಲೇ ಊರಿಡೀ ಒಟ್ಟಿಗೆ ಮೋಟಾರು, ಗೀಸರು, ಫ್ರಿಜ್ಜು, ಮಿಕ್ಸಿ ಹಾಕಿದರೆ ಬಡ ಟಿಸಿಯ ಫ್ಯೂಸ್ ಮತ್ತೆ ಹೋಗುತ್ತದೆ; ಕೈಪಿಡಿಯನ್ನು ಮೊದಲ ಹಂತದಿಂದ ಓದಬೇಕಾಗುತ್ತದೆ. ಮೊದಲು ಒಂದು ಬಲ್ಬು ಹಾಕಿ ವೋಲ್ಟೇಜು ಸರಿಯಿದೆಯೇ ನೋಡಿ, ಹತ್ತು ನಿಮಿಷ ಬಿಟ್ಟು ಉಳಿದದ್ದು. ಗ್ರೂಪಿನಲ್ಲಿ ‘ಬಂತು’ ಎಂದು ಒಂದು ಮಾತು ಹಾಕಿ. ಹೋದಾಗ ನಲವತ್ತು ಜನ ಹೇಳುತ್ತಾರೆ, ಬಂದಾಗ ಒಬ್ಬರೂ ಹೇಳುವುದಿಲ್ಲ. ಪರಿಣಾಮವಾಗಿ ಒಂದು ಮೂಲೆಯಲ್ಲಿ ಮೂರು ಮನೆಗೆ ಇನ್ನೂ ಬಂದಿಲ್ಲ ಎನ್ನುವುದು ಯಾರಿಗೂ ತಿಳಿಯುವುದಿಲ್ಲ, ಎಲ್ಲರ ಜೊತೆ ಅವರದೂ ಬಂತೆಂದು ದೂರು ಮುಚ್ಚಿಹೋಗುತ್ತದೆ.

ಕೊನೆಯ ಎಚ್ಚರಿಕೆ

ಮನೆಗೆ ಜನರೇಟರ್ ತಂದವರು ಇದೊಂದನ್ನು ಬಿಡದೆ ಓದಬೇಕು. ಮೇನ್ ಸ್ವಿಚ್ ಆಫ್ ಮಾಡದೆ, ಚೇಂಜ್‌ಓವರ್ ಸ್ವಿಚ್ ಇಲ್ಲದೆ, ಪ್ಲಗ್ಗಿಗೆ ವಯರು ಚುಚ್ಚಿ ಜನರೇಟರ್ ಹಾಕಿದರೆ ನಿಮ್ಮ ಮನೆಯ 230 ವೋಲ್ಟು ಸರ್ವಿಸ್ ವಯರಿನಲ್ಲಿ ಹಿಂದಕ್ಕೆ ಹರಿದು ಟಿಸಿ ಸೇರುತ್ತದೆ. ಟಿಸಿಗೆ ದಿಕ್ಕು ತಿಳಿಯುವುದಿಲ್ಲ. ಅದು ಅದನ್ನು ಸಾವಿರಾರು ವೋಲ್ಟು ಮಾಡಿ, ಬಂದ್ ಆಗಿದೆ ಎಂದು ಎಲ್ಲರೂ ತಿಳಿದಿರುವ ಲೈನಿಗೆ ಕಳಿಸುತ್ತದೆ. ಹಗ್ಗ ಎಳೆಯುವ ಮೊದಲು ಮೇನ್ ಸ್ವಿಚ್ ಕೆಳಗೆ ಮಾಡಿ. ನಿಮ್ಮ ದೂರಿಗೆ ಬಂದವನು ಆ ಹೊತ್ತಿಗೆ ಕಂಬದ ಮೇಲಿರುತ್ತಾನೆ.